ಬಂಡಿಯ ಹಲಗೆಯ ನೀಲಿ ಚುಕ್ಕೆ

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಮಕ್ಕಳ ಬೆನ್ನು ನೋಡಿಕೊಂಡೇ ನೌಕರಿ ಮಾಡಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಹೀಗೆ ನಾಲ್ಕೂ ಕಡೆ ಆರೋಗ್ಯ ಸಹಾಯಕಿಯಾಗಿ ತಿರುಗಿದವಳು. ಎಲ್ಲಿಗೆ ಹೋದರೂ ಅಷ್ಟೇ, ನನ್ನ ಹೆಗಲಿನ ನೀಲಿ ಡಬ್ಬಿ ಓಣಿಯ ತಿರುವಿನಲ್ಲಿ ಕಂಡದ್ದೇ ತಡ, ಮಕ್ಕಳು ಓಟ ಕೀಳುತ್ತಿದ್ದವು. ಅದರಲ್ಲಿರುವುದು ಸೂಜಿಯಲ್ಲ, ಎರಡು ಹನಿ ಪೋಲಿಯೊ ಔಷಧ ಎಂದು ಹೇಳುವಷ್ಟರಲ್ಲಿ ಓಣಿ ಖಾಲಿ. ರೊಟ್ಟಿ ತಿನ್ನದ ಮಕ್ಕಳಿಗೆ ತಾಯಂದಿರು "ನರ್ಸಬಾಯಿ ಬರ್ತಾಳ ನೋಡು" ಎಂದು ಹೆದರಿಸುತ್ತಿದ್ದರು. ಗುಮ್ಮನ ಕೆಲಸವನ್ನೂ ಸರ್ಕಾರ ನನ್ನಿಂದಲೇ ಮಾಡಿಸಿಕೊಂಡಿತು.

ಈಗ ನಿವೃತ್ತಿಯಾಗಿದೆ. ನನ್ನ ಜಾಗಕ್ಕೆ ಬಂದ ರೇಷ್ಮಾ ಎಂಬ ಹುಡುಗಿ "ಅಕ್ಕಾ, ನಿಮ್ಮ ಅನುಭವ ಬರದ ಕೊಡ್ರಿ" ಎಂದು ಬೆನ್ನು ಹತ್ತಿದ್ದಾಳೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದರಿಂದ ಅವಳಿಗೇನೂ ಆಗಬೇಕಾಗಿಲ್ಲ. ನಾನು ಎಲ್ಲೆಲ್ಲಿ ಎಡವಿದೆ ಎಂಬುದರಿಂದ ಆಗಬೇಕಾದ್ದಿದೆ. ಆದ್ದರಿಂದ ಎಡವಿದ ಕಡೆಯಿಂದಲೇ ಶುರು ಮಾಡುತ್ತೇನೆ.

ನಾನು ಬನಹಟ್ಟಿಯ ನೇಕಾರರ ಮಗಳು. ಅಪ್ಪ ಮಗ್ಗದ ಮೇಲೆ ಕೂತರೆ ಅವ್ವ ನೂಲಿಗೆ ಬಣ್ಣ ಹಾಕುತ್ತಿದ್ದಳು. ಹನಿ ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವುದು ನಮ್ಮ ಕ್ರಮ. ಮರುದಿನ ಮನೆಮನೆಗೆ ಹೋಗಿ ಬೆರಳು ನೋಡಬೇಕು. ಕಲೆ ಇದ್ದರೆ ಮುಂದೆ, ಇಲ್ಲದಿದ್ದರೆ ಅಲ್ಲೇ ಎರಡು ಹನಿ. ಕೆಲಸಕ್ಕೆ ಸೇರಿದ ಹೊಸದು, ನನಗೆ ಸ್ವಂತ ಊರೇ ಸಿಕ್ಕಿತ್ತು. ಬಣ್ಣ ಹಾಕುವವರ ಓಣಿಯೊಂದನ್ನು ಅರ್ಧ ತಾಸಿನಲ್ಲಿ ಮುಗಿಸಿ, ಒಂದು ಮಗುವೂ ಬಿಟ್ಟುಹೋಗಿಲ್ಲ ಎಂದು ಬರೆದುಕೊಂಡು, ಮನೆಗೆ ಹೋಗಿ ಅವ್ವನ ಮುಂದೆ ಹೆಮ್ಮೆಯಿಂದ ಹೇಳಿಕೊಂಡೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಬೆರಳ ನೋಡಿದಿ?"

"ಹೂಂ, ಎಲ್ಲಾರದೂ ಕರ್ರಗ ಇತ್ತು."

"ಬಲಗೈದು ನೋಡಿದಿ?"

"ಅದ್ಯಾಕ? ಶಾಯಿ ಎಡಗೈಗೆ ಅಲ್ಲೇನು ಹಚ್ಚೂದು."

"ಬಣ್ಣದ ಗಡಿಗಿ ಮುಂದ ಆಡೂ ಮಕ್ಕಳು ಅವು. ಹತ್ತೂ ಬೆರಳು ಕರ್ರಗ ಇರ್ತಾವ. ನಿನ್ನ ಬೆರಳೂ ಹಂಗ ಇದ್ವು ಲೇ, ಮರತಿ?" ಎಂದಳು ಅವ್ವ. ಹೊರಗಿನವರು ಯಾರಾದರೂ ಹೋಗಿದ್ದರೆ ಇದೇನು ಬಣ್ಣ ಎಂದು ಒಂದು ಮಾತು ಕೇಳಿರುತ್ತಿದ್ದರು. ಅಂಥ ಬೆರಳುಗಳ ನಡುವೆಯೇ ಬೆಳೆದವಳಾದ್ದರಿಂದ ನನಗೆ ಅದು ಕಣ್ಣಿಗೇ ಬೀಳಲಿಲ್ಲ. ಡಬ್ಬಿ ಎತ್ತಿಕೊಂಡು ಮತ್ತೆ ಓಡಿದೆ. ಈ ಸಲ ಬೆರಳು ನೋಡಲಿಲ್ಲ, ಪ್ರತಿ ಮಗುವಿಗೂ "ನಿನ್ನೆ ಹಾಕಿದ್ದು ಸಿಹಿ ಇತ್ತೋ ಕಹಿ ಇತ್ತೋ?" ಎಂದು ಕೇಳಿದೆ. ಹಾಕಿಸಿಕೊಂಡವರು ಮುಖ ಕಿವುಚಿದರು. ಹಾಕಿಸಿಕೊಳ್ಳದವರು "ಸಿಹಿ" ಎಂದು ಆಸೆಯಿಂದ ಬಾಯಿ ತೆರೆದರು. ಏಳು ಮಕ್ಕಳು ಹಾಗೆ ಸಿಕ್ಕವು.

ಇದನ್ನು ನನ್ನ ಮೇಲ್ವಿಚಾರಕರಾದ ಮಲ್ಲಪ್ಪ ಸರ್‌ಗೆ ನಾನೇ ಹೋಗಿ ಹೇಳಿದೆ. ಬೈಗುಳ ತಿನ್ನಲು ತಯಾರಾಗಿದ್ದೆ. ಅವರು ಕನ್ನಡಕ ತೆಗೆದು, ಹೊಟ್ಟೆ ಹಿಡಿದು ನಕ್ಕು, ಕಣ್ಣು ಒರೆಸಿಕೊಂಡು, ಮತ್ತೆ ಕನ್ನಡಕ ಹಾಕಿಕೊಂಡ ಮೇಲೆ ಬೈದರು.

ಮಲ್ಲಪ್ಪ ಸರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಯಾವ ವರದಿಯನ್ನೂ ನಂಬುತ್ತಿರಲಿಲ್ಲ, ಡಬ್ಬಿಯನ್ನು ಮಾತ್ರ ನಂಬುತ್ತಿದ್ದರು. ಎಲ್ಲಿ ಎದುರಾದರೂ, ಅದು ಸಂತೆಯೇ ಇರಲಿ ಬಸ್‌ಸ್ಟ್ಯಾಂಡೇ ಇರಲಿ, ನಮ್ಮ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಐಸ್ ಗಟ್ಟಿಯಿದ್ದರೆ ಸದ್ದಿಲ್ಲ, ಕರಗತೊಡಗಿದ್ದರೆ ಗುಳುಗುಳು. "ಡಬ್ಬಿ ಮಾತಾಡಾಕ ಹತ್ತಿದರ ನೀ ಮಾತ ನಿಂದರಸು, ಐಸ್ ಹುಡುಕು" ಎನ್ನುತ್ತಿದ್ದರು. ಈಗ ಬಾಟಲಿಯ ಮೇಲೇ ಔಷಧ ಕೆಟ್ಟರೆ ಬಣ್ಣ ಬದಲಿಸುವ ಗುರುತಿದೆ, ಮೊಬೈಲಿನಲ್ಲಿ ಎಲ್ಲ ದಾಖಲಾಗುತ್ತದೆ. ಆದರೂ ನಾನು ಕೊನೆಯ ದಿನದವರೆಗೆ ಡಬ್ಬಿಗೆ ಕಿವಿಯಿಟ್ಟೆ. ಎದುರಿಗಿದ್ದವರು ನನಗೆ ಅರೆಹುಚ್ಚು ಎಂದುಕೊಂಡಿರಬಹುದು.

ಓಣಿ ಮನೆಗಳ ಕೆಲಸ ನೆಟ್ಟಗಿತ್ತು. ಕಷ್ಟ ಶುರುವಾಗುತ್ತಿದ್ದದ್ದು ದೀಪಾವಳಿ ದಾಟಿ ಸಕ್ಕರೆ ಕಾರ್ಖಾನೆಗಳ ಚಿಮಣಿ ಹೊಗೆಯಾಡಿದಾಗ. ಕಬ್ಬು ಕಡಿಯುವ ಗ್ಯಾಂಗುಗಳು ರಾಜ್ಯದ ಗಡಿಯ ಆಚೆಯಿಂದ ಎತ್ತಿನ ಬಂಡಿ ಕಟ್ಟಿಕೊಂಡು ಬರುತ್ತವೆ. ಗಂಡ, ಹೆಂಡತಿ, ಮಕ್ಕಳು, ಕೋಳಿ, ಒಲೆ, ಎಲ್ಲ ಅದೇ ಬಂಡಿಯಲ್ಲಿ. ಒಂದು ಹೊಲ ಮುಗಿಯುವವರೆಗೆ ಅಲ್ಲೇ ಕಬ್ಬಿನ ರವದಿ, ಅಂದರೆ ಒಣಗರಿ, ಹೊದಿಸಿದ ಗುಡಿಸಲು, ಮುಗಿದ ಮೇಲೆ ಇನ್ನೊಂದು ಊರು. ಪೋಲಿಯೊ ನಮ್ಮ ದೇಶ ಬಿಟ್ಟು ಹೋಗಿದೆ ನಿಜ. ಆದರೆ ಇನ್ನೂ ಕೆಲವು ದೇಶಗಳಲ್ಲಿದೆ, ಯಾರದೋ ಹೊಟ್ಟೆಯಲ್ಲಿ ಕೂತು ಮತ್ತೆ ಬರಬಹುದು. ಬಂದರೆ ಮೊದಲು ಹಿಡಿಯುವುದು ಹನಿ ತಪ್ಪಿಸಿಕೊಂಡ ಮಕ್ಕಳನ್ನು. ಇಂಥ ಊರೂರು ಅಲೆಯುವ ಮಕ್ಕಳಿಗೇ ಹನಿ ತಪ್ಪುವುದು.

ಹನಿ ಹಾಕಿದ ಮನೆಯ ಬಾಗಿಲಿಗೆ ಸುಣ್ಣದಕಡ್ಡಿಯಿಂದ ಗುರುತು ಬರೆಯಬೇಕು ಎಂಬುದು ನಿಯಮ. ಗುಡಿಸಲಿಗೆ ಬಾಗಿಲೆಲ್ಲಿದೆ? ಮೊದಲ ವರ್ಷ ಗುಡಿಸಲಿನ ಗೂಟಕ್ಕೆ ಬರೆದೆ. ವಾರ ಬಿಟ್ಟು ಹೋದರೆ ಗೂಟ ಇತ್ತು, ಜನ ಇರಲಿಲ್ಲ. ಅವರ ಮನೆ ನಡೆದುಕೊಂಡು ಹೋಗಿತ್ತು.

ಆಗ ನನಗೆ ಹೊಳೆದದ್ದು, ಇವರ ಖರೆ ಮನೆ ಗುಡಿಸಲಲ್ಲ, ಬಂಡಿ ಎಂದು. ಬಂಡಿಯ ಪಕ್ಕದ ಹಲಗೆಗೇ ಗುರುತು ಹಾಕಬೇಕು. ಆದರೆ ಸುಣ್ಣ ಕಬ್ಬಿನ ತಿಕ್ಕಾಟಕ್ಕೆ ಎರಡು ದಿನ ನಿಲ್ಲದು. ಅವ್ವನಿಗೆ ಹೇಳಿದೆ. ಅವಳು ಸಣ್ಣ ಡಬ್ಬಿಯಲ್ಲಿ ಗಟ್ಟಿ ನೀಲಿ ಬಣ್ಣ ಕೊಟ್ಟಳು. "ಸೀರಿ ಹರದ ಹೋಗತೈತಿ, ಈ ಬಣ್ಣ ಹೋಗಂಗಿಲ್ಲ. ತಗೋ."

ಅಂದಿನಿಂದ ಹಲಗೆಯ ಮೂಲೆಯಲ್ಲಿ ಒಂದು ಅಡ್ಡಗೆರೆ, ಅದರ ಕೆಳಗೆ ಐದು ವರ್ಷದೊಳಗಿನ ಮಗುವಿಗೊಂದು ಚುಕ್ಕೆ. ಮಲ್ಲಪ್ಪ ಸರ್ ನೋಡಿ ಸಿಟ್ಟಾದರು. ನಿಯಮದಲ್ಲಿ ಎಲ್ಲಿದೆ ಇದು ಎಂದರು. ನಾನು, "ಸರ್, ನಿಯಮ ಬರದವ್ರ ಮನಿಗೆ ಗಾಲಿ ಇರಲಿಲ್ಲ" ಎಂದೆ. ಅವತ್ತು ಅವರು ನನ್ನ ಡಬ್ಬಿಯನ್ನೂ ಅಲ್ಲಾಡಿಸದೆ ಹೊರಟುಹೋದರು. ಮರುವರ್ಷ ತಾವೇ ಬಂದು, "ನಿಮ್ಮವ್ವನ ಬಣ್ಣ ಇನ್ನಷ್ಟು ತರಾಕ ಆಗತೈತೇನು?" ಎಂದು ಕೇಳಿದರು.

ಚುಕ್ಕೆ ಎಣಿಸುವುದೂ ಸುಲಭವಿರಲಿಲ್ಲ. ಮಕ್ಕಳನ್ನು ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ಆ ಹೆಂಗಸರು ಲೆಕ್ಕ ಹೇಳುವುದಿಲ್ಲ. ಮೂರಿದ್ದರೆ ಎರಡು ಎನ್ನುತ್ತಾರೆ. ರೇಷ್ಮಾ, ನೀನು "ಮಕ್ಕಳು ಎಷ್ಟು" ಎಂದು ಕೇಳಬೇಡ. "ಯಾರು ಮಲಗ್ಯಾರ" ಎಂದು ಕೇಳು. ಕಬ್ಬಿನ ಸಾಲಿನ ನಡುವೆ ಸೀರೆಯ ಜೋಳಿಗೆಯಲ್ಲಿ ಮಲಗಿದ್ದು ಆಗ ಹೊರಬೀಳುತ್ತದೆ.

ಮುಧೋಳದಲ್ಲಿದ್ದಾಗ ಓಡುವ ಸರದಿ ನನ್ನದೂ ಆಯಿತು. ತಿಮ್ಮಾಪುರದ ಹತ್ತಿರ ಒಂದು ತೋಟದ ಮನೆ. ಗೇಟು ತೆರೆದದ್ದೇ ತಡ, ಬೆತ್ತದಂತೆ ತೆಳ್ಳಗಿನ ನಾಯಿ ಬಾಣ ಬಿಟ್ಟ ಹಾಗೆ ಬಂತು. ನಾನು ಡಬ್ಬಿ ತಲೆಯ ಮೇಲೆ ಹೊತ್ತು ನೀರಿನ ತೊಟ್ಟಿಯ ಕಟ್ಟೆ ಹತ್ತಿದೆ. ಯಜಮಾನರು ಹಲ್ಲುಜ್ಜುತ್ತ ಹೊರಗೆ ಬಂದು, "ಏನೂ ಮಾಡಂಗಿಲ್ರಿ, ಮೂಸಿ ನೋಡತೈತಿ ಅಷ್ಟ" ಎಂದರು. "ನನಗ ಮೂಸೂದೂ ಬ್ಯಾಡ್ರಿ" ಎಂದೆ. ಆ ಮನೆಯ ಮೊಮ್ಮಕ್ಕಳು ಮಾತ್ರ ಅವತ್ತು ಓಡಲಿಲ್ಲ. ನಗುತ್ತ ಕಟ್ಟೆಯ ಕೆಳಗೆ ಸಾಲಾಗಿ ನಿಂತು ಬಾಯಿ ತೆರೆದವು. ಕೂತಲ್ಲಿಂದಲೇ ಹನಿ ಹಾಕಿದೆ.

ಇನ್ನು ಕೊನೆಯದು, ನಿವೃತ್ತಿಗೆ ಒಂದು ತಿಂಗಳು ಬಾಕಿಯಿದ್ದಾಗಿನ ಸಂಗತಿ. ಆಗ ಬೀಳಗಿ ಕಡೆ ಇದ್ದೆ. ಬಾಡಗಂಡಿಯ ಹತ್ತಿರದ ಹೊಲವೊಂದಕ್ಕೆ ಹನ್ನೊಂದು ಬಂಡಿಗಳ ಗ್ಯಾಂಗ್ ಬಂದಿತ್ತು. ಹೊರಗಿನಿಂದ ಬಂದ ಮಕ್ಕಳಲ್ಲಿ ಯಾರಿಗಾದರೂ ಕೈಕಾಲು ಇದ್ದಕ್ಕಿದ್ದಂತೆ ಸೋತಿದೆಯೇ ನೋಡಿ ಎಂದು ಮೇಲಿನಿಂದ ಆದೇಶವೂ ಇತ್ತು. ಮಧ್ಯಾಹ್ನ ಹೋದೆ. ನೀಲಿ ಡಬ್ಬಿ ಕಂಡಿತು. ವಾಡಿಕೆಯಂತೆ ಮಕ್ಕಳೆಲ್ಲ ಕಬ್ಬಿನೊಳಗೆ ಮಾಯವಾದವು.

ಒಂದು ಓಡಲಿಲ್ಲ.

ಮೂರು ವರ್ಷದ ಹುಡುಗಿ, ಬಂಡಿಯ ನೆರಳಲ್ಲಿ ಕೂತು ಅಳುತ್ತಿತ್ತು. ಕಬ್ಬಿನೊಳಗಿಂದ ಉಳಿದವು "ಗೌರೀ, ಓಡಿ ಬಾ" ಎಂದು ಕೂಗುತ್ತಿದ್ದವು. ಅದು ಗಾಲಿ ಹಿಡಿದು ಎದ್ದಿತು. ಬಲಗಾಲು ಊರಿತು. ಕಾಲು ಮಡಿಚಿ ಕುಸಿಯಿತು. ಅಷ್ಟು ವರ್ಷ ಮಕ್ಕಳು ಓಡುತ್ತವೆ ಎಂದು ಗೊಣಗಿದ ನಾನು ಡಬ್ಬಿ ಅಲ್ಲೇ ಇಳಿಸಿ ಆ ಓಡದ ಮಗುವಿನ ಕಡೆ ಓಡಿದೆ.

ತಾಯಿ ಸುನೀತಾ ಕಬ್ಬು ಕಡಿಯುವ ಕೊಯ್ತಾ ಹಿಡಿದೇ ಓಡಿ ಬಂದಳು. ಗಡಿಯ ಆಚೆಯವರು, ಮನೆಯ ಮಾತು ಕನ್ನಡವೇ. "ಬಂಡಿ ಮ್ಯಾಲಿಂದ ಬಿದ್ದಾಳ್ರಿ, ಉಳುಕೈತಿ" ಎಂದಳು. ನಾನು ಪಕ್ಕದಲ್ಲಿ ಕೂತು ಮಗುವಿನ ಎರಡೂ ಕಾಲು ಮುಟ್ಟಿ ನೋಡಿದೆ. ಆಗ ಅವಳು ತಾನೇ ಹೇಳಿದಳು. ಬರುವ ದಾರಿಯಲ್ಲಿ ಜ್ವರ ಬಂದಿತ್ತು, ಯಾವುದೋ ಊರಲ್ಲಿ ಯಾರೋ ಸೊಂಟಕ್ಕೆ ಸೂಜಿ ಚುಚ್ಚಿದ್ದರು, ಕಾಲು ಸೋತು ನಾಲ್ಕು ದಿನವಾಗಿತ್ತು. "ಯಾರಿಗೂ ಹೇಳಬ್ಯಾಡ್ರಿ ಅಕ್ಕಾ. ರೋಗ ಐತಿ ಅಂದ್ರ ಗ್ಯಾಂಗಿನ್ಯಾಗ ಇಟಗೊಳ್ಳಂಗಿಲ್ಲ. ಆಕಿ ಕಾಲು ಬರತೈತೇನ್ರಿ, ಇಲ್ಲೇನ್ರಿ, ಅಷ್ಟ ಹೇಳ್ರಿ."

ಗೊತ್ತಿಲ್ಲ ಎಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

ಮೇಲಿನವರಿಗೆ ಹೇಳದೆ ಇರುವಂತಿರಲಿಲ್ಲ, ಫೋನು ಮಾಡಿದೆ, ನಮ್ಮ ಹೊಸ ಡಾಕ್ಟರು ಜೀಪಿನಲ್ಲಿ ಬಂದರು. ಮೈಸೂರು ಕಡೆಯ ಹುಡುಗ, ಮೆತ್ತಗಿನ ಮಾತು. ಮಂಡಿಗೆ ಸುತ್ತಿಗೆ ತಟ್ಟಿ ನೋಡಿ ಮುಖ ಸಣ್ಣದು ಮಾಡಿದರು. ಮಗುವಿನ ಮಲದ ಮಾದರಿ ಎರಡು ಬೇಕು, ಒಂದಕ್ಕೂ ಇನ್ನೊಂದಕ್ಕೂ ಕನಿಷ್ಠ ಒಂದು ದಿನದ ಅಂತರವಿರಬೇಕು, ಎರಡೂ ಐಸಿನಲ್ಲಿ ಹೋಗಬೇಕು. ಎರಡೂ ಸಿಕ್ಕರೆ ಮಾತ್ರ ಪೋಲಿಯೊ ಹೌದೋ ಅಲ್ಲವೋ ಎಂದು ಗಟ್ಟಿಯಾಗಿ ಹೇಳಬಹುದು.

ಮರುದಿನ ಬೆಳಿಗ್ಗೆ ಮೊದಲನೆಯದನ್ನು ಗೌರಿ ಕೇಳುವ ಮೊದಲೇ ಕೊಟ್ಟಳು. ಡಾಕ್ಟರು ಅದನ್ನು ಒಯ್ದರು. ಆದರೆ ಸಂಜೆ ಗ್ಯಾಂಗನ್ನು ನಡೆಸುವ ಮುಕಾದಮ ಭೀಮರಾಯ ಬಂದು, ಹೊಲ ಮುಗಿಯಿತು, ನಸುಕಿನಲ್ಲಿ ತುಬಚಿ ಕಡೆ ಹೊರಡುತ್ತೇವೆ, ಎರಡು ದಿನದ ದಾರಿ ಎಂದ. ಆರಡಿ ಆಳು, ಹುರಿಮೀಸೆ.

"ಇನ್ನೊಂದು ದಿನ ನಿಲ್ಲರಿ, ಹುಡುಗಿ ಸಂಡಾಸ ಬೇಕಾಗೈತಿ" ಎಂದೆ.

"ಅದಕ್ಕ ಹನ್ನೊಂದ ಬಂಡಿ ನಿಂದರಸಲೇನ್ರಿ? ಬಂಡಿ ನಿಲ್ಲಂಗಿಲ್ರಿ" ಎಂದ.

"ಹಂಗಾರ ನಾನೂ ಬಂಡ್ಯಾಗ ಬರ್ತೀನಿ" ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಮೀಸೆಯೊಳಗೇ ನಕ್ಕ.

ಹೊರಡುವ ಮೊದಲು, ಮುಂದೆ ಗುರುತು ಹಿಡಿಯಲು ಇರಲಿ ಎಂದು, ಹಳೆಯ ರೂಢಿಯಂತೆ ಸುನೀತಾಳ ಬಂಡಿಯ ಹಲಗೆಗೆ ನೀಲಿ ಗೆರೆ ಎಳೆದು ಒಂದು ಚುಕ್ಕೆ ಇಟ್ಟೆ. ಅವ್ವ ತೀರಿಕೊಂಡು ಬಹಳ ವರ್ಷವಾಗಿದೆ. ಅವಳು ತುಂಬಿಸಿಕೊಟ್ಟ ಕೊನೆಯ ಡಬ್ಬಿಯ ತಳದಲ್ಲಿ ಇನ್ನೂ ಬಣ್ಣವಿತ್ತು.

ಬಂಡಿಯಲ್ಲಿ ನಾನು, ನನ್ನ ತೊಡೆಯ ಮೇಲೆ ಗೌರಿ, ಅವಳ ಪಕ್ಕ ನೀಲಿ ಡಬ್ಬಿ. ಬೆಳಿಗ್ಗೆ ಆಯಿತು, ಹೊತ್ತೇರಿತು, ಹುಡುಗಿ ಮಾತ್ರ ಆ ವಿಷಯವನ್ನೇ ಮರೆತಿದ್ದಳು. ಡಾಕ್ಟರು ತಾಸಿಗೊಮ್ಮೆ ಫೋನು ಮಾಡುತ್ತಿದ್ದರು. "ಆಯ್ತಾ ಮೇಡಂ?" "ಇಲ್ಲ ಸರ್." ಮುಂದಿನ ಬಂಡಿಯವರು ಬಾಳೆಹಣ್ಣು ಕೊಟ್ಟರು. ಹಿಂದಿನ ಬಂಡಿಯ ಮುದುಕಿ ಹೊಕ್ಕುಳಿಗೆ ಔಡಲೆಣ್ಣೆ ಹಚ್ಚಿದಳು. ಯಾರೋ ಬೆಲ್ಲದ ನೀರು, ಯಾರೋ ಪಪ್ಪಾಯಿ. ರೋಗ ಎಂದರೆ ದೂರ ತಳ್ಳುತ್ತಾರೆಂದು ಸುನೀತಾ ಹೆದರಿದ್ದಳಲ್ಲ, ಹನ್ನೊಂದು ಬಂಡಿಗಳಿಗೂ ಈಗ ಅದೇ ಒಂದು ಚಿಂತೆ. ಎತ್ತು ಹೊಡೆಯುವವನು ತಿರುಗಿ ತಿರುಗಿ, "ಏನಾತ್ರಿ?" ಎನ್ನುತ್ತಿದ್ದ. ಗೌರಿ ಬಾಳೆಹಣ್ಣು ತಿಂದು, ಪಪ್ಪಾಯಿ ತಿಂದು, ನನ್ನ ಸೆರಗಿಗೆ ಕೈ ಒರೆಸಿ ನಿದ್ದೆ ಹೋದಳು.

ಮಧ್ಯಾಹ್ನ ಎಚ್ಚರವಾಗಿ, ತಾಯಿಯ ಕಿವಿಯಲ್ಲಿ ಏನೋ ಹೇಳಿದಳು.

"ಮುಕಾದಮಾ, ನಿಂದರಸ್ರಿ" ಎಂದು ಸುನೀತಾ ಕೂಗಿದಳು. ಭೀಮರಾಯ ಮುಂದಿನ ಬಂಡಿಯಿಂದ ಜಿಗಿದ. ಎರಡೂ ಕೈ ಎತ್ತಿ ರಸ್ತೆಯ ನಡುವೆ ನಿಂತ. ಬಂಡಿ ನಿಲ್ಲುವುದಿಲ್ಲ ಎಂದಿದ್ದ ಆಳು ಹನ್ನೊಂದೂ ಬಂಡಿ ನಿಲ್ಲಿಸಿ, ಹಿಂದೆ ಹಾರ್ನ್ ಹೊಡೆಯುತ್ತಿದ್ದ ಟ್ರ್ಯಾಕ್ಟರಿನವನಿಗೆ, "ಸುಮ್ಮನಿರೋ ಮಾರಾಯಾ, ಸರ್ಕಾರಿ ಕೆಲಸ ನಡದೈತಿ" ಎಂದ. ಬೇವಿನ ಮರದ ಕೆಳಗೆ ಹೆಂಗಸರು ಸೀರೆಯ ಮರೆ ಹಿಡಿದರು. ಗಂಡಸರು ಅತ್ತ ಮುಖ ಮಾಡಿ ನಿಂತರು. ಕೆಲಸ ಮುಗಿದಾಗ ಮುದುಕಿ ಚಪ್ಪಾಳೆ ತಟ್ಟಿದಳು, ಎಲ್ಲರೂ ತಟ್ಟಿದರು, ಏನಾಗಿದೆ ಎಂದು ತಿಳಿಯದ ಟ್ರ್ಯಾಕ್ಟರಿನವನೂ ತಟ್ಟಿದ. ಗೌರಿ ತಾನೇನೋ ದೊಡ್ಡದು ಗೆದ್ದೆ ಎಂಬಂತೆ ಮೂಗು ಏರಿಸಿ ಕೂತಿದ್ದಳು. ಅಷ್ಟು ಸಂತೋಷ ನನಗೆ ನನ್ನ ಬಡ್ತಿಯ ದಿನವೂ ಆಗಿರಲಿಲ್ಲ.

ಕುಪ್ಪಿಗೆ ಮುಚ್ಚಳ ಬಿಗಿದು, ಹೆಸರು ಬರೆದು, ಡಬ್ಬಿಯಲ್ಲಿಟ್ಟು, ಕಿವಿ ಹಚ್ಚಿದೆ. ಗುಳುಗುಳು. ಮಲ್ಲಪ್ಪ ಸರ್ ಎದುರಿಗೇ ನಿಂತು ಗದರಿದಂತಾಯಿತು. ಸ್ವಲ್ಪ ಮುಂದೆ ಕಬ್ಬಿನ ಹಾಲಿನ ಅಂಗಡಿಯಿತ್ತು. ಅಲ್ಲಿ ಐಸ್ ಕೇಳಿದೆ.

"ಏನೈತ್ರಿ ಡಬ್ಬ್ಯಾಗ, ಕುಲ್ಫಿ ಏನ್ರಿ?" ಎಂದ ಅಂಗಡಿಯವ.

"ಅದಕ್ಕಿಂತ ಭಾರಿ ಕಿಮ್ಮತ್ತಿಂದು" ಎಂದೆ. ಅವನು ಪಾಪ, ಪ್ಲಾಸ್ಟಿಕ್ ಚೀಲಕ್ಕೆ ಐಸ್ ತುಂಬಿ ಬಾಯಿ ಬಿಗಿದು ಕೊಟ್ಟ. ಸಂಜೆಯೊಳಗೆ ಡಾಕ್ಟರ ಜೀಪು ಬಂದು ಡಬ್ಬಿ ಒಯ್ದಿತು.

ಎರಡು ವಾರದ ಮೇಲೆ ಫಲಿತಾಂಶ ಬಂತು. ಪೋಲಿಯೊ ಅಲ್ಲ. ಸೊಂಟಕ್ಕೆ ಚುಚ್ಚಿದ ಸೂಜಿ ನರಕ್ಕೆ ತಾಗಿರಬೇಕು ಎಂದರು ಡಾಕ್ಟರು. ಎಲ್ಲರೂ ನಿಟ್ಟುಸಿರು ಬಿಟ್ಟರು. ನಾನು ಅರ್ಧ ಬಿಟ್ಟೆ. ರೋಗ ಅಲ್ಲ ಎಂದು ಗೊತ್ತಾಯಿತು. ಸುನೀತಾ ಕೇಳಿದ್ದು ಬೇರೆ, ಕಾಲು ಬರುತ್ತದೆಯೇ ಎಂದು. ಕಾಲು ಸೋತ ದಿನದಿಂದ ಅರವತ್ತು ದಿನಕ್ಕೆ ಮಗುವನ್ನು ಮತ್ತೆ ನೋಡಲೇಬೇಕು. ಅಷ್ಟರಲ್ಲಿ ನಾನು ಹಾರ ಹಾಕಿಸಿಕೊಂಡು ಮನೆಯಲ್ಲಿದ್ದೆ, ಕಡತ ರೇಷ್ಮಾಳ ಕೈಯಲ್ಲಿತ್ತು.

ಅರವತ್ತನೆಯ ದಿನ ಹತ್ತಿರ ಬಂದಾಗ ರೇಷ್ಮಾ ಫೋನು ಮಾಡಿದಳು. "ಅಕ್ಕಾ, ಮುಕಾದಮನ ಫೋನ್ ಬಂದ್ ಐತಿ. ತುಬಚ್ಯಾಗ ಗ್ಯಾಂಗ್ ಇಲ್ಲ. ಯಾವ ಹೊಲಕ್ಕ ಹೋಗ್ಯಾರೋ ಯಾರಿಗೂ ಗೊತ್ತಿಲ್ಲ."

"ಹೊಲಾ ಹುಡುಕಬ್ಯಾಡ, ಬಂಡಿ ಹುಡುಕು. ಬಂಡಿ ಎಲ್ಲಿ ತಿರಗಿದರೂ ಕಾರ್ಖಾನಿಗೆ ಬರಲೇಬೇಕು. ನಾನೂ ಬರ್ತೀನಿ" ಎಂದೆ.

ಕಾರ್ಖಾನೆಯ ಅಂಗಳದಲ್ಲಿ ಕಬ್ಬು ಹೇರಿದ ಬಂಡಿಗಳು ಕಣ್ಣು ಹಾಯುವವರೆಗೆ ನಿಂತಿದ್ದವು. ಎಲ್ಲ ಒಂದೇ ಥರ. ನಾವಿಬ್ಬರೂ ಸಾಲು ಸಾಲು ಹಲಗೆ ನೋಡುತ್ತ ನಡೆದೆವು. ಗಾಡಿಯವರು ನಮ್ಮನ್ನು ಎತ್ತು-ಬಂಡಿ ಕೊಳ್ಳಲು ಬಂದವರೆಂದುಕೊಂಡು ಎತ್ತಿನ ಹಲ್ಲು ತೋರಿಸತೊಡಗಿದರು. ಬಿಸಿಲಿಗೆ ರೇಷ್ಮಾ ಸೋತಳು, ನಾನೂ ಸೋತೆ. ಏಳನೆಯ ಸಾಲಿನಲ್ಲಿ ಧೂಳು ಹಿಡಿದ ಒಂದು ಹಲಗೆಯನ್ನು ಸೆರಗಿನಿಂದ ಒರೆಸಿದೆ. ನೀಲಿ ಗೆರೆ, ಕೆಳಗೆ ಒಂದು ಚುಕ್ಕೆ. ಅವ್ವ ಸುಳ್ಳು ಹೇಳಿರಲಿಲ್ಲ.

ಎತ್ತಿಗೆ ನೀರು ಕುಡಿಸುತ್ತಿದ್ದ ಸುನೀತಾಳ ಗಂಡ ನನ್ನನ್ನು ಗುರುತಿಸಿ, ಹತ್ತಿರದ ಹೊಲ ತೋರಿಸಲು ಜೊತೆಗೇ ಬಂದ. ದಾರಿಯುದ್ದಕ್ಕೂ ಕಾಲಿನ ಬಗ್ಗೆ ಕೇಳಬೇಕೆಂದು ಬಾಯಿವರೆಗೆ ಬಂತು, ಕೇಳಲು ಧೈರ್ಯ ಸಾಲಲಿಲ್ಲ. ನೇರ ಕಣ್ಣಿಂದಲೇ ನೋಡೋಣ ಎಂದುಕೊಂಡೆ.

ಗುಡಿಸಲುಗಳ ಮುಂದೆ ಏಳೆಂಟು ಮಕ್ಕಳು ಮಣ್ಣಲ್ಲಿ ಆಡುತ್ತ ಕೂತಿದ್ದವು. ಕೂತ ಮಕ್ಕಳಲ್ಲಿ ಯಾರ ಕಾಲು ಹೇಗಿದೆ ಎಂದು ತಿಳಿಯುವುದಿಲ್ಲ. ರೇಷ್ಮಾಳ ಹೆಗಲಿನಲ್ಲಿ ನೀಲಿ ಡಬ್ಬಿಯಿತ್ತು. ಒಂದು ಹುಡುಗ ತಲೆ ಎತ್ತಿ ಅದನ್ನು ನೋಡಿದ.

"ನರ್ಸಬಾಯಿ ಬಂದ್ಲೋ" ಎಂದು ಕೂಗಿದ.

ಎಲ್ಲವೂ ಎದ್ದು ಕಬ್ಬಿನ ಕಡೆ ಓಡಿದವು. ಎಲ್ಲಕ್ಕಿಂತ ಹಿಂದೆ, ಬಲಗಾಲನ್ನು ತುಸುವೇ ಎಳೆದುಕೊಂಡು, ಕೆದರಿದ ಕೂದಲಿನ ಗೌರಿ. ಕೊನೆಯವಳಾಗಿ ಓಡಿದಳು, ಆದರೆ ಓಡಿದಳು. ನೆಲದ ಮೇಲೆ ಯಾರೂ ಉಳಿಯಲಿಲ್ಲ. ನಾನು ಎರಡು ಸಲ ನೋಡಿದೆ.

ಆಚೆ ಬದುವಿನ ಮೇಲೆ ಸುನೀತಾ ಕೊಯ್ತಾ ಕೆಳಗಿಟ್ಟು ನಿಂತು ನಗುತ್ತಿದ್ದಳು. ರೇಷ್ಮಾ ಗಾಬರಿಯಾಗಿ ಮಕ್ಕಳ ಹಿಂದೆ ಹೊರಟಳು. "ಅಕ್ಕಾ, ಆ ಕಡಿಂದ ಬರ್ರಿ, ಹಿಡಿಯೂಣು."

ನಾನು ಅವಳ ಕೈ ಹಿಡಿದು ನಿಲ್ಲಿಸಿದೆ.

"ನಿಂದರು ರೇಷ್ಮಾ. ಇನ್ನೊಂದೀಟು ಓಡಲಿ ಬಿಡು."